ಅಂಟಿಸದೆ ಬಿಟ್ಟ ಗಾಜು

“ಅಯ್ಯೋ, ಫ್ಯಾನ್ ಹಾಕ್ಬೇಡಿ!”

ಸೆಕೆ ತಾಳಲಾರದೆ ಗೌತಮಿ ಆಗಲೇ ಸ್ವಿಚ್ ಒತ್ತಿಯಾಗಿತ್ತು. ಮೇಜಿನ ಮೇಲಿದ್ದ ತೆಳು ಕಾಗದದ ರೆಕ್ಕೆ ಎದ್ದು, ಕೆಂಪಾಪುರದ ಆ ಮಹಡಿ ಕೋಣೆಯಲ್ಲಿ ಒಂದು ಸುತ್ತು ಹಾರಿ, ಅವಳ ಹಳದಿ ದುಪಟ್ಟಾಕ್ಕೇ ಅಂಟಿಕೊಂಡಿತು!

ಮಾದರಿ ವಿಮಾನ ಮಾಡುವ ಅಭಿರಾಮ್ ಬೈಯಬೇಕಿತ್ತು. ಅವನೋ, ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡುತ್ತಾ ನಿಂತ. ಬೈಗುಳ ಮರೆತೇ ಹೋಗಿತ್ತು, ಪಾಪ.

“ಸಾರಿ ಕಣ್ರೀ... ನಮ್ಮಪ್ಪಂಗೆ ಒಂದು ವಿಮಾನ ಬೇಕಿತ್ತು.”

ಅವಳಪ್ಪ ಬದರೀನಾಥರು ಜಕ್ಕೂರಿನ ವಿಮಾನ ಮೈದಾನದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರು ಮೂವತ್ತು ವರ್ಷ ರಿಪೇರಿ ಮಾಡಿ ಸಾಕಿದ, ಎರಡೇ ಸೀಟಿನ ಹಳೇ ಕ್ಯಾಬಿನ್ ವಿಮಾನ ಈಗಿಲ್ಲ. ಅದರ ಪುಟ್ಟ ಪ್ರತಿರೂಪವನ್ನು ಅಪ್ಪನ ಕೈಗಿಡುವುದು ಅವಳ ಆಸೆ.

ಅಳತೆ ಹೇಳಲು ಒಂದು ಭಾನುವಾರ, ಬಣ್ಣ ತೋರಿಸಲು ಇನ್ನೊಂದು... ಆಮೇಲೆ ನೆಪವೇ ಬೇಕಾಗಲಿಲ್ಲ. ಕಿಟಕಿಯಾಚೆ ವಿಮಾನಗಳು ತೇಲುತ್ತಿದ್ದ ಆ ಮಧ್ಯಾಹ್ನಗಳಲ್ಲಿ ಅವಳು ಮರಳುಕಾಗದ ಉಜ್ಜುತ್ತಾ ಕನಸು ಕಾಣುತ್ತಿದ್ದಳು. ಪ್ರೀತಿಯಾಗಿಬಿಟ್ಟಿತ್ತು. ವಿಮಾನ ಮುಗಿದರೆ ಈ ಭಾನುವಾರಗಳೂ ಮುಗಿಯುತ್ತವಲ್ಲ! ಇವನೊಂದು ಮಾತು ಹೇಳಬಾರದೇ?

ಹತ್ತನೆಯ ಭಾನುವಾರ ಅವನು ವಿಮಾನವಿದ್ದ ಡಬ್ಬಿಯನ್ನು ಅವಳ ಮುಂದಿಟ್ಟ.

“ತಗೊಳ್ಳಿ. ಮುಂದಿನ ಗಾಜು ಮಾತ್ರ ಅಂಟ್ಸಿಲ್ಲ.”

ಅಷ್ಟೇ!

‘ಗಾಜು ಅಂಟಿಸುವಷ್ಟೂ ತಾಳ್ಮೆಯಿಲ್ಲವೇ? ನನ್ನನ್ನು ಕಳಿಸಲು ಇಷ್ಟು ಅವಸರವೇ?’ ಅವಳ ಕಣ್ಣು ತುಂಬಿತು. ಡಬ್ಬಿ ಎತ್ತಿಕೊಂಡು, ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಪುಟ್ಟೇನಹಳ್ಳಿಯ ಮನೆಯಲ್ಲಿ ಅಪ್ಪ ವಿಮಾನವನ್ನು ಹಸುಗೂಸಿನಂತೆ ಎತ್ತಿಕೊಂಡು ರೆಕ್ಕೆ ಸವರಿದರು. ಅವರ ಬೆರಳು ಗಾಜಿನ ಹತ್ತಿರ ನಿಂತಿತು.

“ಅರ್ಧಂಬರ್ಧ ಕೆಲ್ಸ ಅಪ್ಪಾ ಅವನ್ದು!” ಗೌತಮಿ ಸಿಡುಕಿದಳು.

“ಅಲ್ಲಮ್ಮ. ಗಾಜು ಅಂಟಿಸಿದ್ಮೇಲೆ ಒಳಗೆ ಕೈ ಹೋಗಲ್ಲ. ಬಿಟ್ಟಿದಾನೆ ಅಂದ್ರೆ ಒಳಗೇನೋ ಕೆಲ್ಸ ಬಾಕಿ ಇದೆ. ಸರಿಯಾಗಿ ನೋಡು.”

ನೋಡಿದಳು. ಪೈಲಟ್ ಸೀಟಿನಲ್ಲಿ ಕಿರುಬೆರಳ ಗೆಣ್ಣಿನಷ್ಟು ಹುಡುಗಿ... ಹಳದಿ ದುಪಟ್ಟಾ! ಪಕ್ಕದ ಸೀಟು ಖಾಲಿ. ಡಬ್ಬಿಯ ಹತ್ತಿಯೊಳಗೆ ಕನ್ನಡಕದ ಪುಟ್ಟ ಹುಡುಗನೊಬ್ಬ ಒಂಟಿಯಾಗಿ ಮಲಗಿದ್ದ.

ಅಪ್ಪ ಮೀಸೆಯಡಿ ನಕ್ಕರು. “ಇನ್ನೂ ಬಿಸಿಲಿದೆ, ಹೋಗ್ಬಾ. ಬಾಕಿ ಕೆಲ್ಸ ನಾಳೆಗೆ ಇಟ್ಕೋಬಾರ್ದು.”

ಕೆಂಪಾಪುರದ ಕೋಣೆಯ ಬಾಗಿಲು ತೆರೆದೇ ಇತ್ತು. ತಿರುಗುತ್ತಿದ್ದ ಫ್ಯಾನ್ ಕೆಳಗೆ ಅಭಿರಾಮ್ ಕೆಲಸವಿಲ್ಲದೆ ಕೂತಿದ್ದ.

“ಬಾಯಿ ಇರ್ಲಿಲ್ವಾ ನಿಮ್ಗೆ?” ಗೌತಮಿ ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟಳು.

“ಭಯ ಆಯ್ತು ಕಣ್ರೀ... ನಿಮ್ಗೆ ನಾನು ಬೇಡ ಅನ್ಸಿದ್ರೆ, ಸೀಟು ಖಾಲಿ ಬಿಟ್ಟು ನೀವೇ ಗಾಜು ಅಂಟ್ಸ್ಕೊಳ್ಳಿ ಅಂತ...”

ಅವಳು ಆ ಪುಟ್ಟ ಹುಡುಗನನ್ನು ಮೆಲ್ಲಗೆ ಖಾಲಿ ಸೀಟಿನಲ್ಲಿ ಕೂರಿಸಿದಳು.

“ಗಾಜು ಅಂಟಿಸಿದ್ಮೇಲೆ ಇವನನ್ನ ಆಚೆ ತೆಗೆಯೋಕಾಗುತ್ತಾ, ಅಭಿ?”

“ಆಗಲ್ಲ... ಯೋಚ್ನೆ ಮಾಡಿ.”

“ಮಾಡಾಯ್ತು,” ಎಂದ ಗೌತಮಿ, ಎದ್ದು ಹೋಗಿ ತಾನೇ ಫ್ಯಾನ್ ಆರಿಸಿದಳು.