ಗಾಲ್ ಫೇಸ್ ದಂಡೆಯ ಫೋಟೊ

ಮೋಹನ್‌ಬಾಬುವಿನ ಹೊಟ್ಟೆಗೆ ಬೆಂಕಿ ಬಿದ್ದದ್ದು ಚಿಕ್ಕಬಳ್ಳಾಪುರದ ಸನ್ಮಾನ ಸಭೆಯಲ್ಲಿ. ವೇದಿಕೆಯ ಮೇಲೆ ಅವನ ಅಣ್ಣ ಬಯ್ಯಪ್ಪ ಮೈಸೂರು ಪೇಟ ಇಟ್ಟುಕೊಂಡು, ಶಾಲು ಹೊದ್ದು, ಮದುವಣಿಗನ ಹಾಗೆ ಕೂತಿದ್ದ. ಅತ್ಯುತ್ತಮ ರೇಷ್ಮೆ ಬೆಳೆಗಾರನಂತೆ! ರೇಷ್ಮೆಹುಳು ಸಾಕುವ ಆ ಹುಳುಮನೆಯ ನಕ್ಷೆ ಹಾಕಿದವನು ಯಾರು? ಗಾಳಿ ಯಾವ ದಿಕ್ಕಿನಿಂದ ಆಡಬೇಕು, ಹುಳುಗಳನ್ನು ಕೊಲ್ಲುವ ಊಜಿ ನೊಣ ನುಗ್ಗದ ಹಾಗೆ ಕಿಟಕಿಗೆ ಎಂಥ ಬಲೆ ಬಡಿಯಬೇಕು ಎಂದು ಎರಡು ಬೇಸಿಗೆ ರಜೆ ಬೆವರು ಸುರಿಸಿದವನು ಯಾರು? ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಈ ತಮ್ಮ. ಮೈಕು ಕೈಗೆ ಬಂದಾಗ ಬಯ್ಯಪ್ಪ ಆಡಿದ ಮಾತು ಮಾತ್ರ ಇಷ್ಟು:

"ಎಲ್ಲ ನಾನೂ ನಮ್ಮಮ್ಮನೂ ಮಾಡಿದ್ದು. ನನ್ ತಮ್ಮ ಮೇಷ್ಟ್ರು, ಹುಳ ಮುಟ್ಟಕ್ಕೇ ಅಸಹ್ಯ ಪಡ್ತಾನೆ."

ಸಭೆ ಗೊಳ್ಳೆಂದು ನಕ್ಕಿತು. ಮೂರನೇ ಸಾಲಿನಲ್ಲಿ ಕೂತಿದ್ದ ಮೋಹನ್‌ಬಾಬುವೂ ಹಲ್ಲು ಕಿರಿಯಬೇಕಾಯಿತು. ಅಂದು ಅಣ್ಣನ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ತಡೆಯಲಾಗದೆ ಎಲೆ ಬಿಟ್ಟು ಎದ್ದ. ಇನ್ನು ಮುಂದಿನ ಬೆಳೆ ಹೆಂಗೆ ಗೂಡು ಕಟ್ಟುತ್ತದೋ ನೋಡುತ್ತೇನೆ ಎಂದು ಹತ್ತು ಜನರ ಎದುರಿಗೇ ಕೂಗಿದ. ತಾಯಿ ರಾಮಲಕ್ಷ್ಮಮ್ಮ ಕೈ ಹಿಡಿದು ಕೂರಿಸಲು ನೋಡಿದಳು. ಅವನು ಕೈ ಕೊಡವಿಕೊಂಡು ಹೊರಟೇ ಹೋದ.

ಕೂಗಿದ್ದು ತಪ್ಪಾಯಿತು ಎಂದು ಆಮೇಲೆ ಹೊಳೆಯಿತು. ಹುಳುಮನೆಯಲ್ಲಿ ಒಂದು ಹುಳು ಸೀನಿದರೂ ಈಗ ಇವನ ಹೆಸರೇ ಮೊದಲು ಬರುತ್ತದೆ. ಪೊಲೀಸರಿಗೆ ಅವನು ಹೆದರಲಿಲ್ಲ, ಹುಳು ಸತ್ತರೆ ಯಾರು ಸ್ಟೇಷನ್ನಿಗೆ ಹೋಗುತ್ತಾರೆ? ಅವನಿಗಿದ್ದ ಭಯ ಒಂದೇ, ಅಮ್ಮನದು. ಆ ಮನೆಯ ಹೊಸಿಲು ತುಳಿಯಬೇಡ ಎಂದು ಅವಳೊಮ್ಮೆ ಅಂದುಬಿಟ್ಟರೆ ಅವನ ಬಾಳಿನಲ್ಲಿ ಉಳಿಯುವುದೇನು? ಆದ್ದರಿಂದ ಬೆಳೆ ಹಾಳಾಗುವ ದಿನ ಅವನು ಊರಲ್ಲೇ ಇರಬಾರದು. ದೇಶದಲ್ಲೇ ಇರಬಾರದು.

ಪಾಠ ಸಿದ್ಧ ಮಾಡಿಕೊಳ್ಳುವ ಹಾಗೆ ಒಂದೊಂದಾಗಿ ಜೋಡಿಸಿದ. ಮೈಸೂರಿನಲ್ಲಿ ನಾಲ್ಕು ದಿನ ತರಬೇತಿ ಎಂದು ಹೆಂಡತಿ ಪದ್ಮಶ್ರೀಗೆ ಹೇಳಿ ಸದ್ದಿಲ್ಲದೆ ಕೊಲಂಬೊಗೆ ಹಾರಿದ. ಶ್ರೀಲಂಕಾದ ರಾಜಧಾನಿ ಎಂದು ಲೋಕವೆಲ್ಲ ಹೇಳುವ ಊರು. ಕಾಗದದ ಮೇಲೆ ರಾಜಧಾನಿ ಪಕ್ಕದ ಕೋಟ್ಟೆ ಎಂಬುದು ಸಮಾಜ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಗಂಗಾರಾಮಯ ದೇವಸ್ಥಾನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಬುದ್ಧರ ಮುಂದೆ ಕೈಮುಗಿದು ನಿಂತ. ಕೆಂಪು ಬಿಳಿ ಪಟ್ಟೆಯ ಹಳೆಯ ಮಸೀದಿಯ ಎದುರು ನಿಂತ. ಸ್ವಾತಂತ್ರ್ಯ ಸ್ಮಾರಕದ ಕಲ್ಲು ಸಿಂಹದ ಪಕ್ಕ, ಕಮಲದ ಮೊಗ್ಗು ಹೊತ್ತ ಎತ್ತರದ ಗೋಪುರದ ಕೆಳಗೆ ನಿಂತ. ಹಾಳಾದ್ದು, ಇಷ್ಟು ಚೆಂದದ ಊರಿನಲ್ಲೂ ಅವನಿಗೆ ಕಂಡದ್ದು ಅಣ್ಣನ ಪೇಟವೇ. ಕೊನೆಯ ಸಂಜೆ ಗಾಲ್ ಫೇಸ್ ಎಂಬ ಕಡಲ ದಂಡೆಯಲ್ಲಿ ತೆಗೆಸಿಕೊಂಡ ಫೋಟೊ ಎಲ್ಲಕ್ಕಿಂತ ಮಿಗಿಲಾಗಿ ಬಂತು. ಆಗಷ್ಟೇ ಮುಳುಗಿದ ಸೂರ್ಯ, ಸೀಗಡಿ ವಡೆ ಮಾರುವ ಗಾಡಿ, ತಲೆಯ ಮೇಲೆ ಗಾಳಿಪಟ, ಚಂದ್ರ, ನಡುವೆ ಎರಡೂ ಕೈ ಚಾಚಿ ನಿಂತ ಮೋಹನ್‌ಬಾಬು. ಇದನ್ನು ಬೆಳೆ ಹಾಳಾಗುವ ದಿನಕ್ಕೆಂದೇ ಎತ್ತಿಟ್ಟ.

ಅಲ್ಲಿ ದಿನಕ್ಕೊಂದು ಅಂಗಿ ಹಾಕಿದ್ದ. ಗಂಟೆ ಕಾಣದ ಹಾಗೆ ಕೈಗಡಿಯಾರ ಬಿಚ್ಚಿಟ್ಟಿದ್ದ. ತಂದ ಟೀ ಪೊಟ್ಟಣ, ಮರದ ಆನೆ ಎರಡನ್ನೂ ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ಒಂದೂವರೆ ತಿಂಗಳು ಬಿಟ್ಟು, ರಜೆ ಬರೆದುಕೊಟ್ಟು, ಕೊಲಂಬೊ ನೋಡಿ ಬರುತ್ತೇನೆ ಎಂದು ಊರಿಗೆಲ್ಲ ಸಾರಿದ. ಅದೇ ನಾಲ್ಕು ಅಂಗಿಗಳನ್ನು ಪದ್ಮಶ್ರೀಯ ಕೈಯಲ್ಲೇ ಪೆಟ್ಟಿಗೆಗೆ ಹಾಕಿಸಿದ. ಮೀಸೆಯನ್ನೂ ಫೋಟೊದಲ್ಲಿದ್ದ ಅಳತೆಗೇ ಕತ್ತರಿಸಿಕೊಂಡ. ಏರ್‌ಪೋರ್ಟ್ ಬಸ್ಸು ಹತ್ತಿದವನು ನಡುದಾರಿಯಲ್ಲಿ ಇಳಿದು ಗೌರಿಬಿದನೂರಿನ ಒಂದು ಲಾಡ್ಜು ಸೇರಿದ. ಕೊಲಂಬೊದಲ್ಲಿ ಮಳೆಯೋ ಬಿಸಿಲೋ ಎಂದು ಬೆಳಗಾಗೆದ್ದು ಮೊಬೈಲಿನಲ್ಲಿ ನೋಡುವುದು, ಅದಕ್ಕೆ ಹೊಂದುವ ಫೋಟೊ ಆರಿಸಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು. ಅಲ್ಲಿಂದ ಕರೆ ಸರಿಯಾಗಿ ಸಿಗುವುದಿಲ್ಲ, ಫೋಟೊ ಮಾತ್ರ ಹಾಕುತ್ತೇನೆ ಎಂದು ಮೊದಲೇ ಹೇಳಿದ್ದ. ಬಯ್ಯಪ್ಪ ಒಂದೊಂದು ಫೋಟೊಗೂ ಐದೈದು ಹೂವಿನ ಗುರುತು ಕಳಿಸುತ್ತಿದ್ದ. ಅವತ್ತು ಸಭೆಯನ್ನೆಲ್ಲ ನಗಿಸಿ ಇವತ್ತು ಹೂವು ಕಳಿಸುತ್ತಾನೆ, ನಾಚಿಕೆಗೆಟ್ಟವನು ಎಂದು ಮೋಹನ್‌ಬಾಬು ಇನ್ನಷ್ಟು ಉರಿದ.

ದಿನ ಆರಿಸುವುದು ಕಷ್ಟವಾಗಲಿಲ್ಲ. ಹುಳುಮನೆ ಬಿಟ್ಟು ಆ ಮನೆಯವರೆಲ್ಲ ಕದಲುವುದು ತಿಂಗಳಿಗೆ ಒಂದೇ ಸಲ. ಹುಣ್ಣಿಮೆಯ ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿ, ತಂಬಿಟ್ಟಿನ ಆರತಿ ಹಿಡಿದು ಗುಡ್ಡದ ಮೇಲಿನ ಮನೆದೇವರಿಗೆ ಹೋಗುತ್ತಾರೆ. ಅಮ್ಮನ ಹರಕೆ ಅದು, ಇಪ್ಪತ್ತು ವರ್ಷದಿಂದ ತಪ್ಪಿಲ್ಲ. ಐದೂವರೆಗೆ ಬಂದು ಸಂಜೆಯ ಸೊಪ್ಪು ಹಾಕುತ್ತಾರೆ. ಈ ಹುಣ್ಣಿಮೆಗೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬೆರಳು ದಪ್ಪ ಆಗಿರುತ್ತವೆ, ಇನ್ನು ಮೂರು ದಿನಕ್ಕೆ ಗೂಡು ಕಟ್ಟುವಂಥವು. ಈ ಬೆಳೆ ನೋಡಲೆಂದೇ ಬೇರೆ ಜಿಲ್ಲೆಗಳ ರೈತರೂ ಬರುವವರಿದ್ದರು. ಬರಲಿ, ನೋಡಲಿ ಎಂದುಕೊಂಡ.

ಟೊಮೆಟೊಗೆ ಹೊಡೆಯುವ ಔಷಧಿಯನ್ನು ಚಿಂತಾಮಣಿಯ ಸಂತೆ ಗದ್ದಲದಲ್ಲಿ, ತೆಲುಗಿನಲ್ಲಿ ಮಾತಾಡಿ ಕೊಂಡಿದ್ದ. ಹುಣ್ಣಿಮೆಯ ದಿನ ಮೂರು ಗಂಟೆಗೆ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಆಳೆತ್ತರ ಬೆಳೆದಿದ್ದ ಹಿಪ್ಪುನೇರಳೆ ತೋಟದ ಒಳಗೇ ನಡೆದು ಹುಳುಮನೆಯ ಹಿಂಬಾಗಿಲಿಗೆ ಬಂದ. ಒಳಗೆ ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು, ಜಡಿಮಳೆಯ ಸದ್ದು. ಒಂದು ಗಳಿಗೆ ಅವನ ಕೈ ನಿಂತಿತು. ಈ ಸದ್ದು ಕೇಳುತ್ತ ಅಪ್ಪನ ಪಕ್ಕ ಮಲಗಿದ್ದವನು ಅವನು. ಅಸಹ್ಯ ಪಡುತ್ತಾನಂತೆ! ಅಣ್ಣನ ಮಾತು ಮತ್ತೆ ಕಿವಿಗೆ ಬಡಿಯಿತು, ಕೈ ಮತ್ತೆ ಗಟ್ಟಿಯಾಯಿತು. ಬಾಗಿಲಲ್ಲಿದ್ದ ಸುಣ್ಣದ ತಟ್ಟೆಗೆ ಕಾಲು ಅಭ್ಯಾಸದ ಮೇಲೆ ತಾನಾಗಿ ಇಳಿಯಲು ಹೋಯಿತು. ಹುಳುಮನೆಗೆ ಹೋಗುವವರು ಕಾಲಿಗೆ ಸುಣ್ಣ ತಾಗಿಸಿಕೊಂಡೇ ಹೋಗಬೇಕು, ಆ ತಟ್ಟೆ ಇಟ್ಟವನೂ ಅವನೇ. ಸರಕ್ಕನೆ ಕಾಲೆಳೆದುಕೊಂಡ. ಬಿಳಿ ಹೆಜ್ಜೆ ಬಿಟ್ಟು ಹೋಗುವಷ್ಟು ಪೆದ್ದ ತಾನಲ್ಲ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಹುಳು ಮುಟ್ಟಲಿಲ್ಲ. ಸಂಜೆಗೆಂದು ಒದ್ದೆ ಗೋಣಿ ಮುಚ್ಚಿಟ್ಟಿದ್ದ ಸೊಪ್ಪಿನ ರಾಶಿಗೆ ಔಷಧಿ ಚಿಮುಕಿಸಿ, ಗೋಣಿಯನ್ನು ಇದ್ದ ಹಾಗೇ ಹೊದಿಸಿದ. ಇನ್ನು ಉಳಿದ ಕೆಲಸ ಬಯ್ಯಪ್ಪ ತನ್ನ ಕೈಯಾರೆ ಮಾಡುತ್ತಾನೆ.

ಕತ್ತಲಾಗುವ ಹೊತ್ತಿಗೆ ಲಾಡ್ಜಿಗೆ ಮರಳಿದ್ದ. ಆರೂ ಮುಕ್ಕಾಲಿಗೆ ಸರಿಯಾಗಿ ಕಡಲ ದಂಡೆಯ ಫೋಟೊ ಹಾಕಿ, 'ಈಗ ತಾನೇ ಸೂರ್ಯ ಮುಳುಗಿದ, ಅಮ್ಮನಿಗೆ ತೋರಿಸಿ' ಎಂದು ಬರೆದ. ಸ್ನಾನ ಮಾಡಿ, ಇಡ್ಲಿ ತರಿಸಿಕೊಂಡು ತಿಂದ. ಎಂಟು ಗಂಟೆಗೆ ಬಯ್ಯಪ್ಪ ಮಾತಾಡಿ ಕಳಿಸಿದ ದನಿ ವಾಟ್ಸಾಪಿಗೆ ಬಂತು. ಹುಳುಗಳೆಲ್ಲ ಹಸಿರು ನೀರು ಕಕ್ಕಿ ಒದ್ದಾಡುತ್ತಿವೆ ಎಂದು ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅಳುತ್ತಿದ್ದ.

"ಮೋಹನಾ, ಈ ಮನೆ ಕಟ್ಟಿದೋನು ನೀನು ಕಣೋ. ಎಲ್ಲಿ ತಪ್ಪಾಯ್ತು ಅಂತ ನೀನೇ ಹೇಳೋ. ನೀನ್ ಇಲ್ಲಿದ್ದಿದ್ರೆ ಉಳಿಸ್ತಿದ್ದೆ."

ಮೋಹನ್‌ಬಾಬು ಅದನ್ನು ಮೂರು ಸಲ ಕೇಳಿದ. ಈ ಒಂದು ಮಾತಿಗಾಗಿಯೇ ಅಲ್ಲವೇ ಇಷ್ಟೆಲ್ಲ? ಆ ದಿನ ಮೈಕಿನಲ್ಲಿ ಅಂದಿದ್ದರೆ ಅಣ್ಣನ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂತು. ಆದರೂ ಎಚ್ಚರ ತಪ್ಪಲಿಲ್ಲ. ಅಯ್ಯೋ ದೇವರೇ, ಸಿಕ್ಕಿದ ವಿಮಾನ ಹತ್ತಿ ಬರುತ್ತೇನೆ ಎಂದು ಬರೆದು ಕಳಿಸಿದ.

ಅರ್ಧ ಗಂಟೆಯ ಮೇಲೆ ಇನ್ನೊಂದು ದನಿ ಬಂತು. ಓದು ಬಾರದ ಅಮ್ಮನದು, ಹಿರಿಯ ಸೊಸೆಯ ಫೋನು ಇಸಿದುಕೊಂಡು ಮಾತಾಡಿದ್ದಳು. ಅಳು ಇರಲಿಲ್ಲ, ಬೈಗುಳ ಇರಲಿಲ್ಲ. "ಏನಪ್ಪಾ ಮೋಹನಾ, ಇವತ್ತು ಉಪವಾಸ ಇದ್ದೆ. ಮಾಳಿಗೆ ಹತ್ತಿ, ಮೂಡ್ಲಾಗೆ ಹುಟ್ಟಿದ ತುಂಬು ಚಂದ್ರನ್ನ ನೋಡಿ, ಕೈ ಮುಗ್ದು ಊಟ ಮಾಡ್ದೆ. ಅದೇ ಹೊತ್ನಾಗೆ ನಿನ್ ಫೋಟೊ ತೋರ್ಸಿದ್ರು. ನಿನ್ ತಲೆ ಮೇಲೆ ಉಗುರು ಕತ್ರಿಸಿ ಬಿಸಾಕಿದಂಗೆ ಬಿದಿಗೆ ಚಂದ್ರ ಅವ್ನೆ. ಹುಣ್ಣಿಮೆ ದಿನ ಬಿದಿಗೆ ಚಂದ್ರ ಯಾವೂರಾಗೆ ಹುಟ್ತಾನೆ? ನೀನ್ ಎಲ್ಲಿದ್ದೀಯಪ್ಪಾ?"