ಐಕಾನ್ ಒತ್ತಿದರೆ ತೆರೆಯದ ನಕ್ಷೆ

"ಏನು ನಕ್ಷೆ ಮೇಡಂ, ಇವತ್ತೂ ಮುನಿಸ್ಕೊಂಡಿದ್ಯಾ ನಿಮ್ಮ ಪ್ರೋಗ್ರಾಂ?"

ಎಂಟು ತಿಂಗಳಿಂದ ಪ್ರತಿ ಬೆಳಗ್ಗೆ ಇದೇ ಮಾತು. ನಾನು ಊರಿನ ನೀರಿನ ಪೈಪುಗಳ ನಕ್ಷೆ ಬಿಡಿಸುವವಳು. ಅವರು ಆಫೀಸಿನ ಲಿನಕ್ಸ್ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಸಿಸ್ಟಮ್ ಸಾರ್. ಐಕಾನ್ ಒತ್ತಿದರೆ ನನ್ನ ಪ್ರೋಗ್ರಾಂ ‘ನಕ್ಷೆಗಳ ಫೋಲ್ಡರ್ ಸಿಗುತ್ತಿಲ್ಲ’ ಎಂದು ಹಟ ಹಿಡಿಯುತ್ತಿತ್ತು. ಅವರು ಬಂದು, ನನ್ನ ಕುರ್ಚಿಯ ಪಕ್ಕ ಬಗ್ಗಿ, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅದರ ಹೆಸರು ಟೈಪ್ ಮಾಡಿದರೆ ತೆಪ್ಪಗೆ ತೆರೆದುಕೊಳ್ಳುತ್ತಿತ್ತು.

"ನೀವೇ ಟೈಪ್ ಮಾಡಬಹುದಲ್ವಾ?"

"ಆ ಕಪ್ಪು ಕಿಟಕಿ ಕಂಡ್ರೆ ನಂಗೆ ಭಯ ಸಾರ್."

ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡುತ್ತಿದ್ದರು. ತುಟಿಯಂಚಿನಲ್ಲಿ ನಗು ಬಂದು ಹೋಗುತ್ತಿತ್ತು. ಅಷ್ಟರಿಂದಲೇ ನನ್ನ ಇಡೀ ದಿನ ಸಾಗುತ್ತಿತ್ತು.

ಆ ಶುಕ್ರವಾರ ಮಾತ್ರ ಅವರು ನಗಲಿಲ್ಲ.

"ಇವತ್ತು ನನ್ನ ಕೊನೇ ದಿನ. ಬೇರೆ ಊರಿಗೆ ವರ್ಗ ಕೇಳ್ಕೊಂಡಿದ್ದೆ, ಆಯ್ತು. ಇದನ್ನ ಸರಿಮಾಡಿ ಹೋಗ್ತೀನಿ."

ಒಂದು ಫೈಲಿನಿಂದ ಒಂದು ಸಾಲು ತೆಗೆದು ಇನ್ನೊಂದಕ್ಕೆ ಹಾಕಿದರು.

"ಫೋಲ್ಡರ್ ಎಲ್ಲಿದೆ ಅಂತ ಬರೆದಿದ್ದು ಟರ್ಮಿನಲ್ ಮಾತ್ರ ಓದೋ ಫೈಲಲ್ಲಿ. ಐಕಾನ್‌ಗೆ ಅದು ಗೊತ್ತೇ ಆಗಲ್ಲ. ಈಗ ಲಾಗಿನ್ ಆಗುವಾಗ್ಲೇ ಓದೋ ಫೈಲಿಗೆ ಹಾಕಿದೀನಿ, ಎರಡಕ್ಕೂ ಗೊತ್ತಾಗುತ್ತೆ. ಒಂದ್ಸಲ ಲಾಗೌಟ್ ಆಗಿ ಬನ್ನಿ."

ಬಂದೆ. ಐಕಾನ್ ಒತ್ತಿದೆ. ನಕ್ಷೆ ತೆರೆಯಿತು. ಎರಡೇ ನಿಮಿಷದ ಕೆಲಸ.

"ಎಂಟು ತಿಂಗಳು ಯಾಕೆ ಮಾಡಲಿಲ್ಲ?"

"ಮಾಡಿದ್ರೆ ದಿನಾ ಬರೋಕೆ ನೆಪ ಇರ್ತಿರ್ಲಿಲ್ಲ." ಅವರ ಕಿವಿ ಕೆಂಪಾಗಿತ್ತು. "ನೀವೇನಾದ್ರೂ ಹೇಳ್ತೀರ ಅಂತ ಕಾದೆ. ನಿಮಗೆ ನಕ್ಷೆ ತೆರೆದ್ರೆ ಸಾಕು ಅಂತ ನಂಗನ್ನಿಸ್ತು."

ನಾಟಕ ಆಡುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ, ದಡ್ಡಿ. ಡ್ರಾಯರ್ ಎಳೆದು ನನ್ನ ನೋಟ್‌ಬುಕ್ ಮುಂದಿಟ್ಟೆ. ಅದರಲ್ಲಿ ಅದೇ ಫೈಲಿನ ಹೆಸರು, ಅದೇ ಸಾಲು, ನನ್ನ ಕೈಬರಹ. ಮೇಲೆ ಎಂಟು ತಿಂಗಳ ಹಿಂದಿನ ತಾರೀಕು.

"ನಿಮಗೆ ಗೊತ್ತಿತ್ತಾ?"

"ಎರಡನೇ ವಾರವೇ ಹುಡುಕಿ ಬರ್ಕೊಂಡಿದ್ದೆ. ಸರಿಮಾಡಿದ್ರೆ ನೀವು ಬರೋದು ನಿಂತುಹೋಗುತ್ತಲ್ಲ ಅಂತ ಸುಮ್ಮನಿದ್ದೆ. ನಂಗೆ ನೀವಂದ್ರೆ ಪ್ರಾಣ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಹೋದ ಭಾನುವಾರ ಅಮ್ಮ ನೋಡಿದ ಹುಡುಗಿಗೆ ಹೂಂ ಅಂದ್ಬಿಟ್ಟೆ ಕಣ್ರೀ. ಮಾತು ಕೊಟ್ಟಾಯ್ತು. ಅವಳದೇನು ತಪ್ಪು? ಒಂದು ವಾರ ಮುಂಚೆ ಈ ಪುಸ್ತಕ ತೋರಿಸಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

ಹೊರಡುವಾಗ ಅವರು ಆ ಪುಟ ಹರಿದುಕೊಳ್ಳಲೇ ಎಂದು ಕೇಳಿದರು. ಹೂಂ ಎಂದೆ. ನಾಲ್ಕಾಗಿ ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಅವರು ಮೆಟ್ಟಿಲಿಳಿಯುವವರೆಗೂ ನಾನು ಅಳು ತಡೆದುಕೊಂಡಿದ್ದೆ.

ಸೋಮವಾರ ಬೆಳಗ್ಗೆ ಆ ಸಾಲನ್ನು ಹೊಸ ಫೈಲಿನಿಂದ ತೆಗೆದು ಮತ್ತೆ ಹಳೆಯದಕ್ಕೇ ಹಾಕಿದೆ. ಲಾಗೌಟ್ ಆಗಿ ಬಂದು ಐಕಾನ್ ಒತ್ತಿದೆ. ಫೋಲ್ಡರ್ ಸಿಗುತ್ತಿಲ್ಲ ಎಂದಿತು. ಬಾಗಿಲ ಕಡೆ ನೋಡುತ್ತ ಕುಳಿತೆ. ಹತ್ತು ಗಂಟೆಯಾಯಿತು, ಹತ್ತೂವರೆಯಾಯಿತು. ಆಮೇಲೆ ಕಪ್ಪು ಕಿಟಕಿಯನ್ನು ನಾನೇ ತೆರೆದೆ.