ನೀರಿಗೆ ಒಗ್ಗುವ ಉಂಗುರ

ಅವನು ಮೊದಲ ಸಲ ಅಂಗಡಿಗೆ ಬಂದಾಗ ಅವಳ ಬಾಯಲ್ಲಿ ಒಂದು ಬ್ರಶ್ಶು, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿ, ಮೂಗಿನ ತುದಿಯಲ್ಲಿ ಪಾಲಿಶ್ ಪುಡಿಯ ಕೆಂಪು. ಪ್ರೇಮ ಶುರುವಾಗುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಸಿಗಲಿಕ್ಕಿಲ್ಲ. ಆದರೂ ಶುರುವಾಯಿತು.

"ಬಿಳಿ ಉಂಗುರದಲ್ಲಿ ಎರಡು ಥರ ಇದೆಯಂತಲ್ಲ," ಎಂದ ಅವನು, ಮೂಗಿನ ಕೆಂಪನ್ನು ನೋಡಿಯೂ ನೋಡದವನಂತೆ. "ವೈಟ್ ಗೋಲ್ಡು, ಪ್ಲಾಟಿನಂ. ನಿಶ್ಚಿತಾರ್ಥದ ಉಂಗುರಕ್ಕೆ ಯಾವುದು ಒಳ್ಳೇದು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ನಿಶ್ಚಿತಾರ್ಥ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಎದೆ ಚುರುಕ್ ಎಂದಿತು. ಮುಖ ನೋಡಿ ಒಂದು ನಿಮಿಷವೂ ಆಗಿರದ ಮನುಷ್ಯನ ನಿಶ್ಚಿತಾರ್ಥ ಕಟ್ಟಿಕೊಂಡು ತನಗೇನಾಗಬೇಕು ಎಂದು ಅವಳು ತನ್ನನ್ನೇ ಗದರಿಕೊಂಡಳು. ಎದೆ ಆ ಗದರಿಕೆಗೆ ಸೊಪ್ಪು ಹಾಕಲಿಲ್ಲ.

ಅಂಗಡಿ ಅವಳ ಸೋದರತ್ತೆಯದು. ಕಿಟಕಿಯ ಪಕ್ಕದ ಕೆಲಸದ ಮೇಜು ಮಾತ್ರ ಹನ್ನೊಂದು ವರ್ಷದಿಂದ ಅವಳದು. ಯಾವ ಕೆಲಸ ಹಿಡಿದರೂ ಮುಗಿಯುವವರೆಗೆ ಬಿಡುವವಳಲ್ಲ ಎಂದು ಅತ್ತೆ ಅವಳನ್ನು ಚಿಮಟ ಎಂದೇ ಕರೆಯುವುದು. ಅತ್ತೆ ಗಲ್ಲಾದ ಹಿಂದೆ ಕೂತು ಪದಬಂಧ ತುಂಬುತ್ತ, ಲೋಕದ ಎಲ್ಲರ ಬಗ್ಗೆ ಅಭಿಪ್ರಾಯ ಕೊಡುವವಳು. ಆದರೆ ಒಂದು ಕಟ್ಟಳೆ ಮಾತ್ರ ಅಂಗಡಿಯಲ್ಲಿ ಕಟ್ಟುನಿಟ್ಟು: ಉಂಗುರ ಯಾರಿಗೆ ಎಂದು ಗಿರಾಕಿಯನ್ನು ಕೇಳಕೂಡದು. ಬಹಳ ಹಿಂದೆ ಅತ್ತೆಯೇ ಒಬ್ಬ ದೊಡ್ಡ ಮನುಷ್ಯರನ್ನು ಅಕ್ಕರೆಯಿಂದ ಹಾಗೆ ಕೇಳಿದ್ದಳು. ಅವರು ಹೇಳಿದ ಹೆಸರು ಅವರ ಹೆಂಡತಿಯದಾಗಿರಲಿಲ್ಲ, ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಆವತ್ತು ಶೋಕೇಸಿನ ಗಾಜು ಹೋಯಿತು.

ಹಾಗಾಗಿ ಚಿಮಟ ಕೇಳಲಿಲ್ಲ. ಎರಡು ಮಾದರಿ ಉಂಗುರ ತೆಗೆದು ಅವನ ಎರಡು ಅಂಗೈಯಲ್ಲೂ ಒಂದೊಂದು ಇಟ್ಟಳು.

"ಕಣ್ಣು ಮುಚ್ಚಿ. ಯಾವುದು ಭಾರ ಹೇಳಿ," ಎಂದಳು ಬ್ರಶ್ಶು ಕಚ್ಚಿಕೊಂಡೇ.

ಅವನು ವಿಧೇಯನಾಗಿ ಮುಚ್ಚಿದ. ಉದ್ದನೆಯ ರೆಪ್ಪೆಗಳು. ನೋಡುವ ಅವಕಾಶ ತಾನಾಗಿ ಬಂದಿದೆ ಎಂದು ಅವಳು ಸ್ವಲ್ಪ ಹೊತ್ತು ನೋಡಿಯೇಬಿಟ್ಟಳು.

"ಬಲಗೈದು. ಇದೇನಾ ಪ್ಲಾಟಿನಂ?" ಕಣ್ಣು ತೆರೆದು ಕೇಳಿದ. ಅವಳು ನೋಡುತ್ತಿದ್ದದ್ದು ಅವನಿಗೆ ಸಿಕ್ಕಿಬಿತ್ತು. ಇಬ್ಬರೂ ಒಟ್ಟಿಗೆ ಉಂಗುರದ ಕಡೆ ತಿರುಗಿದರು.

"ಎರಡು ಬೀದಿ ಆಚೆ ನನ್ನ ಕನ್ನಡಕದ ಅಂಗಡಿ," ಎಂದ. "ದಿನವಿಡೀ ಜನರನ್ನ ಕೂರಿಸಿಕೊಂಡು, ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಲ್ಲಾ ಅಂತ ಪ್ರಾಣ ತಿಂತೀನಿ. ಅವರ ಕಷ್ಟ ಏನು ಅಂತ ಇವತ್ತು ಗೊತ್ತಾಯ್ತು. ಎರಡೂ ಒಂದೇ ಥರ ಕಾಣ್ತಿದೆ."

ಅವಳಿಗೆ ನಗು ಬಂತು. ನಗುವಾಗ ಬಾಯಲ್ಲಿದ್ದ ಬ್ರಶ್ಶು ಬಿತ್ತು.

"ಹಾಕ್ಕೊಳ್ಳೋರು ಏನು ಕೆಲಸ ಮಾಡ್ತಾರೆ?" ಇಷ್ಟು ಕೇಳಲು ಅಂಗಡಿಯ ಕಟ್ಟಳೆ ಅಡ್ಡಿಯಿಲ್ಲ. ಕೈಯ ಕೆಲಸ ತಿಳಿಯದೆ ಲೋಹ ಹೇಳುವುದು ಹೇಗೆ?

"ಈಜು ಕಲಿಸ್ತಾರೆ. ದಿನಕ್ಕೆ ಐದಾರು ಗಂಟೆ ಈಜುಕೊಳದ ನೀರಲ್ಲೇ ಇರ್ತಾರೆ."

ಉತ್ತರ ಅವಳಿಗೆ ಗೊತ್ತಿತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು. ಪ್ಲಾಟಿನಂ ಒಳಗೂ ಹೊರಗೂ ಒಂದೇ ಬಿಳುಪು. ಗೀರು ಬಿದ್ದೀತು, ಮಂಕಾದೀತು, ಬಣ್ಣ ಬಿಡದು. ವೈಟ್ ಗೋಲ್ಡ್ ಎಂದರೆ ಬೇರೆ ಲೋಹ ಬೆರೆಸಿ ಬಿಳಿಚಿಸಿದ ಚಿನ್ನ, ಮೇಲೆ ರೋಡಿಯಂ ಎಂಬ ಬಿಳಿ ಲೋಹದ ತೆಳು ಲೇಪ. ಲೇಪ ಸವೆದರೆ ಹಳದಿ ಇಣುಕುತ್ತದೆ. ಈಜುಕೊಳದ ಕ್ಲೋರಿನ್ ನೀರಂತೂ ಅದಕ್ಕೆ ಬದ್ಧ ವೈರಿ, ಹರಳು ಹಿಡಿದ ಮೊಳೆಗಳನ್ನೇ ತಿಂದುಹಾಕುತ್ತದೆ.

"ವೈಟ್ ಗೋಲ್ಡ್ ತಗೊಳ್ಳಿ," ಎಂದಳು.

ಹೇಳಿದ್ದು ತಾನೇನಾ ಎಂದು ಅವಳಿಗೇ ಅನುಮಾನವಾಯಿತು. ಆದರೆ ನಾಲಿಗೆಗೆ ಲಗಾಮು ಇರಲಿಲ್ಲ. "ಲೇಪ ಸವೆದ ಹಾಗೆ ತಂದುಕೊಡಬೇಕು. ಹೊಸದಾಗಿ ಹಾಕಿಕೊಡ್ತೀನಿ."

"ವರ್ಷಕ್ಕೊಂದು ಸಲಾನಾ?"

"ನೀರಲ್ಲಿರೋರಾದ್ರೆ ಆರು ತಿಂಗಳಿಗೆ."

ಅವನು ಅವಳನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದ. "ಯೋಚನೆ ಮಾಡಿ ಬರ್ತೀನಿ," ಎಂದು ಹೊರಟ. ಬಾಗಿಲಲ್ಲಿ ತಿರುಗಿ, ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಅವಳು ಗಡಿಬಿಡಿಯಿಂದ ಮೂಗು ಒರೆಸಿಕೊಂಡು ಕೆಂಪನ್ನು ಕೆನ್ನೆಗೂ ಹಚ್ಚಿಕೊಂಡಳು.

ಯೋಚನೆ ಮಾಡುವುದಕ್ಕೆ ಅವನು ನಾಲ್ಕು ದಿನಕ್ಕೊಮ್ಮೆ ಅವರ ಅಂಗಡಿಗೇ ಬರಬೇಕಾಯಿತು. ಒಂದು ಸಲ, ಪ್ಲಾಟಿನಂ ಉಂಗುರದ ಅಳತೆ ಹಿಗ್ಗಿಸಬಹುದಾ ಎಂದು ಕೇಳಿದ. ಇನ್ನೊಂದು ಸಲ, ವೈಟ್ ಗೋಲ್ಡಿನ ಬಿಳುಪು ತಣ್ಣಗಿನ ಬಿಳುಪಾ ಬೆಚ್ಚಗಿನದಾ ಎಂದು ಕೇಳಿದ. ಇದನ್ನು ಫೋನಿನಲ್ಲಿ ಕೇಳಬಹುದಿತ್ತು ಎಂದು ಅತ್ತೆ ಪದಬಂಧಕ್ಕೆ ಹೇಳಿದಳು.

ಮೂರನೆಯ ಸಲ ಅವನು ಅವಳ ಭೂತಗನ್ನಡಿಯ ಪಟ್ಟಿಯನ್ನೇ ನೋಡುತ್ತಿದ್ದ.

"ಅದು ನಿಮ್ಮ ಕಿವಿ ಕೊರೀತಿದೆ."

"ಹನ್ನೊಂದು ವರ್ಷದಿಂದ ಕೊರೀತಿದೆ. ಅಭ್ಯಾಸ ಆಗಿದೆ."

"ನೋವಿಗೆಲ್ಲಾ ಅಭ್ಯಾಸ ಆಗಬಾರದು ರೀ," ಎಂದು ಜೇಬಿನಿಂದ ಒಂದು ಪುಟಾಣಿ ಸ್ಕ್ರೂಡ್ರೈವರ್ ತೆಗೆದ. ಬಗ್ಗಿ, ಉಸಿರು ಬಿಗಿಹಿಡಿದು, ಅವಳ ಕಿವಿಯ ಹಿಂದಿನ ತಿರುಪನ್ನು ಎರಡು ಸುತ್ತು ಸಡಿಲಿಸಿದ. ಬೆರಳು ಕೂದಲಿಗೆ ತಗಲಿತೋ ಇಲ್ಲವೋ ಅನ್ನುವ ಹಾಗೆ ತಗಲಿತು. ಅವಳ ಕೈಲಿದ್ದ ಹರಳು ಎಲ್ಲಿಗೆ ಹಾರಿತೆಂದು ಆಮೇಲೆ ಅರ್ಧ ಗಂಟೆ ನೆಲದ ಮೇಲೆ ಅಂಗಾತ ಮಲಗಿ, ಬೋರಲು ಮಲಗಿ ಹುಡುಕಬೇಕಾಯಿತು.

"ಚಿಮಟ," ಎಂದಳು ಅತ್ತೆ ಗಲ್ಲಾದಿಂದ, "ಆ ಮನುಷ್ಯನಿಗೆ ಮದುವೆ ಗೊತ್ತಾಗಿದೆ ಕಣೇ."

"ಗೊತ್ತು ಅತ್ತೆ."

"ಗೊತ್ತಿರೋರ ಮುಖ ಹೀಗಿರಲ್ಲ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಆ ಈಜುಗಾರ್ತಿ. ನೀಳ ಕತ್ತು, ಚಪ್ಪಟೆ ಹೊಟ್ಟೆ, ನೀರೊಳಗೆ ಮೂರು ನಿಮಿಷ ಉಸಿರು ಕಟ್ಟುವವಳು. ಇವಳಿಗೋ ಬಕೆಟ್ಟಿನಲ್ಲಿ ತಲೆ ಅದ್ದಿದರೂ ಭಯ. ಹೊಟ್ಟೆ ಉರಿಯಿತು. ಉರಿದ ಹಿಂದೆಯೇ ಅಯ್ಯೋ ಪಾಪ ಅನ್ನಿಸಿತು. ಆ ಹುಡುಗಿ ತನಗೆ ಏನು ಮಾಡಿದ್ದಾಳೆ? ಒಂದು ವರ್ಷಕ್ಕೆ ಅವಳ ಉಂಗುರ ಹಳದಿ ತಿರುಗುತ್ತದೆ, ಒಂದು ದಿನ ಹರಳು ಕೊಳದ ತಳ ಸೇರುತ್ತದೆ. ಅದೂ ಯಾರಿಂದ? ಸುಳ್ಳು ತೂಕ, ಸುಳ್ಳು ಮಾತು ಎಂದೂ ಗೊತ್ತಿಲ್ಲದ ಅಂಗಡಿಯ ಚಿಮಟಳಿಂದ.

ನಾಲ್ಕನೆಯ ಸಲ ಬಂದವನು ಕೂರಲೂ ಇಲ್ಲ. "ವೈಟ್ ಗೋಲ್ಡೇ ಮಾಡಿಬಿಡಿ. ನೀವು ಹೇಳಿದ ಮೇಲೆ ಮುಗೀತು," ಎಂದು ಅಳತೆಯ ಚೀಟಿ ಇಟ್ಟು ಹೋದ. ಆವತ್ತು ಅವನು ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮೇಜಿನ ಮುಂದೆ ಕೂತಳು. ಅಲ್ಲಿ ಅರಗಳು ಎರಡು ಸಾಲು: ಕೆಂಪು ಹಿಡಿಯವು ಚಿನ್ನಕ್ಕೆ, ನೀಲಿ ಹಿಡಿಯವು ಪ್ಲಾಟಿನಮ್ಮಿಗೆ. ಒಂದರ ಪುಡಿ ಇನ್ನೊಂದಕ್ಕೆ ತಗಲಿದರೆ ಕಾಯಿಸುವಾಗ ಲೋಹ ಕೆಡುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳ ಕೈ ತಪ್ಪು ಸಾಲಿಗೆ ಹೋದದ್ದಿಲ್ಲ. ಕೆಂಪು ಹಿಡಿಯನ್ನು ಎತ್ತಿಕೊಂಡಳು. ಕೆಳಗಿಟ್ಟಳು. ಮತ್ತೆ ಎತ್ತಿದಳು. ಇದನ್ನು ಈಗ ಮಾಡಿದರೆ ಇನ್ನು ಮೇಲೆ ಈ ಕುರ್ಚಿಯಲ್ಲಿ ಕೂರುವ ಮುಖ ತನಗಿಲ್ಲ. ಮಾಡದೆ ನಿಜ ಹೇಳಿದರೆ ಅವನು ಇನ್ನು ಈ ಬಾಗಿಲಿಗೆ ಬರುವುದಿಲ್ಲ. ಕಣ್ಣು ತುಂಬಿ ಬಂತು. ಸೊಂಟಕ್ಕೆ ಕಟ್ಟಿದ್ದ ಚರ್ಮದ ಏಪ್ರನ್ ಬಿಚ್ಚುವುದನ್ನೂ ಮರೆತು ಎದ್ದು ನಡೆದಳು.

"ಎಲ್ಲಿಗೇ?" ಎಂದಳು ಅತ್ತೆ.

"ತಪ್ಪು ಒಪ್ಪಿಕೊಳ್ಳೋಕೆ."

ಕನ್ನಡಕದ ಅಂಗಡಿಯಲ್ಲಿ ಖಾಲಿ ಇದ್ದದ್ದು ಕಣ್ಣು ಪರೀಕ್ಷೆಯ ಕುರ್ಚಿ ಒಂದೇ. ಅವನು ಅವಳನ್ನು ಅದರಲ್ಲೇ ಕೂರಿಸಿದ. ಎದುರಿಗೆ ದೀಪ ಹತ್ತಿಸಿದ ಅಕ್ಷರಗಳ ಹಲಗೆ. ಅದನ್ನೇ ನೋಡುತ್ತ ಹೇಳುವುದು ಸುಲಭ ಅನ್ನಿಸಿತು.

"ನಾನು ನಿಮಗೆ ತಪ್ಪು ಲೋಹ ಹೇಳಿದೆ. ಈಜೋರಿಗೆ ಪ್ಲಾಟಿನಂ ಆಗಬೇಕು."

"ಗೊತ್ತು."

ಅವಳು ಗಕ್ಕನೆ ತಿರುಗಿದಳು. "ಗೊತ್ತಾ?"

"ಲೋಹದ ಫ್ರೇಮು ಮಾರೋನು ನಾನು. ಯಾವ ಲೇಪ ಬೆವರಿಗೆ ತಡೆಯುತ್ತೆ, ಯಾವುದು ನೀರಿಗೆ ಕಿತ್ತುಬರುತ್ತೆ ಅನ್ನೋದು ತಿಳೀದೆ ಅಂಗಡಿ ಇಟ್ಟಿದೀನಾ? ಮೊದಲನೇ ದಿನವೇ ಅನುಮಾನ ಬಂತು. ನೀವು ಸುಳ್ಳು ಹೇಳ್ತಿದೀರಿ ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಾಗಲಿಲ್ಲ. ಅದನ್ನ ತಿಳ್ಕೊಳ್ಳೋಕೇ ಮತ್ತೆ ಮತ್ತೆ ಬಂದೆ." ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತ ದನಿ ತಗ್ಗಿಸಿದ. "ನಿನ್ನೆ ಬೇಕಂತಲೇ ಆರ್ಡರ್ ಕೊಟ್ಟೆ. ನೀವು ಅದನ್ನ ಮಾಡಿಕೊಟ್ಟಿದ್ರೆ ನನಗೆ ತುಂಬಾ ಬೇಜಾರಾಗ್ತಿತ್ತು. ಈಗ ಹೇಳಿ, ಯಾಕೆ ಸುಳ್ಳು ಹೇಳಿದಿರಿ?"

ಏಪ್ರನ್ನಿನ ಅಂಚನ್ನು ಹಿಂಡಿ ಹಿಪ್ಪೆ ಮಾಡುತ್ತ ಅವಳು ಹೇಳಿದಳು.

"ಪ್ಲಾಟಿನಂ ಕೊಟ್ರೆ ನೀವು ಮತ್ತೆ ಬರೋ ಅಗತ್ಯಾನೇ ಇರಲ್ಲ. ವೈಟ್ ಗೋಲ್ಡ್ ಆದ್ರೆ ಆರು ತಿಂಗಳಿಗೊಂದು ಸಲ ಬರಬೇಕು. ಬರಲಿ ಅಂತ ಆಸೆ ಆಯ್ತು. ಅಷ್ಟೇ. ನಿಮಗೆ ನಿಶ್ಚಯ ಆಗಿದೆ ಅಂತ ಗೊತ್ತಿದ್ದೂ ಹಾಗೆ ಮಾಡಿದೆ, ಅದಕ್ಕೆ ನಾಚಿಕೆ ಆಗ್ತಿದೆ. ಅವರಿಗೆ ಚೆಂದದ ಪ್ಲಾಟಿನಂ ಉಂಗುರ ಮಾಡಿಕೊಡ್ತೀನಿ. ಆಮೇಲೆ ನೀವು ಬರಬೇಡಿ."

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದ. ಕುರ್ಚಿಯ ಮುಂದೆ ಬಂದು, ಅವಳ ಕಣ್ಣಿನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತ.

"ನಿಶ್ಚಯ ಯಾರಿಗೆ ಆಗಿರೋದು?"

"ನಿಮಗೆ. ಆ ಈಜುಗಾರ್ತಿ ಜೊತೆ."

"ಆ ಈಜುಗಾರ್ತಿಗೆ ಅರವತ್ತೊಂದು ವರ್ಷ. ನನ್ನ ಅಮ್ಮ."

ಅವಳ ಕೈಯಿಂದ ಏಪ್ರನ್ನಿನ ಅಂಚು ಜಾರಿತು.

ಅವನು ನಗುತ್ತ ಎಲ್ಲ ಹೇಳಿದ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಹೋದ ವರ್ಷ ಒಬ್ಬರು ನಿವೃತ್ತ ಅಂಚೆಯವರು, ಅರವತ್ಮೂರರ ಪ್ರಾಯದಲ್ಲಿ, ಅಮ್ಮನ ಹತ್ತಿರ ಈಜು ಕಲಿಯಲು ಸೇರಿದರು. ಈಜು ಇನ್ನೂ ಬಂದಿಲ್ಲ, ಪ್ರೀತಿ ಬಂದಿದೆ. ಅಮ್ಮನನ್ನು ಕೇಳುವ ಮೊದಲು ಮಗನನ್ನು ಕೇಳಿದರು. ತಾವೇ ಉಂಗುರ ಆರಿಸೋಣವೆಂದರೆ ಅವರ ಕಣ್ಣಿಗೆ ಆಗಷ್ಟೇ ಪೊರೆಯ ಆಪರೇಶನ್ ಆಗಿತ್ತು, ಹಾಗಾಗಿ ಆ ಕೆಲಸವೂ ಮಗನ ತಲೆಗೆ. ಯಾರಿಗೂ ಹೇಳಕೂಡದು ಎಂದು ಮಾತು ಬೇರೆ ತೆಗೆದುಕೊಂಡಿದ್ದರು.

"ನೀವೂ ಒಂದು ಸಲಾನೂ ಕೇಳಲಿಲ್ಲ, ಉಂಗುರ ಯಾರಿಗೆ ಅಂತ."

"ನಮ್ಮ ಅಂಗಡೀಲಿ ಕೇಳಕೂಡದು," ಎಂದಳು ಅವಳು, ಅಳುತ್ತಲೋ ನಗುತ್ತಲೋ ಅವಳಿಗೇ ತಿಳಿಯದೆ.

"ಒಂದು ಮಾತು ನಾನೂ ಒಪ್ಕೋಬೇಕು," ಎಂದ ಅವನು. "ಬಿಳುಪು ತಣ್ಣಗಿದೆಯಾ ಬೆಚ್ಚಗಿದೆಯಾ ಅಂತ ಕೇಳೋಕೆ ಬಂದೆನಲ್ಲ, ಆವತ್ತು ನಿಮ್ಮ ಸುಳ್ಳಿನ ಪತ್ತೇದಾರಿ ಮಾಡೋಕೆ ಬಂದಿರಲಿಲ್ಲ. ಸುಮ್ಮನೆ ನೋಡೋಕೆ ಬಂದೆ."

ಉಂಗುರ ಪ್ಲಾಟಿನಮ್ಮಿನಲ್ಲೇ ಆಯಿತು. ಅಂಥ ಉಂಗುರವನ್ನು ಅವಳು ಅದಕ್ಕೆ ಮೊದಲು ಮಾಡಿರಲಿಲ್ಲ. ಮಕ್ಕಳ ಈಜುಡುಪಿಗೆ ಸಿಕ್ಕಿಕೊಳ್ಳದ ಹಾಗೆ ಹರಳನ್ನು ಪಟ್ಟಿಯೊಳಗೇ ಕೂರಿಸಿ, ಒಳಮೈಯನ್ನು ಕೆನೆಯ ಹಾಗೆ ನಯ ಮಾಡಿದಳು.

ಒಂದು ಬೆಳಿಗ್ಗೆ, ಮಕ್ಕಳ ಪಾಠ ಮುಗಿದು ಕೊಳ ಖಾಲಿಯಾದ ಮೇಲೆ, ಅಂಚೆಯವರು ಎದೆಮಟ್ಟದ ನೀರಲ್ಲಿ ನಿಂತು ಪ್ರಸ್ತಾಪ ಮಾಡಿದರು. ಒಂದು ಕೈಯಲ್ಲಿ ಉಂಗುರ. ಇನ್ನೊಂದು ಕೈ ಗೋಡೆಯ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಅಮ್ಮ ಉಂಗುರ ನೋಡಿದಳು, ಅವರನ್ನು ನೋಡಿದಳು, ಕಂಬಿ ಹಿಡಿದ ಕೈ ನೋಡಿದಳು.

"ಮೊದಲು ಕಂಬಿ ಬಿಡಿ," ಎಂದಳು. "ಆಮೇಲೆ ಹೇಳ್ತೀನಿ."

ಒಂದು ವರ್ಷದಲ್ಲಿ ಬಿಡದ ಕಂಬಿಯನ್ನು ಅವರು ಬಿಟ್ಟರು. ಒಮ್ಮೆ ತೂರಾಡಿ, ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡು ನಿಂತೇಬಿಟ್ಟರು. ಅಮ್ಮ ಹುಡುಗಿಯಂತೆ ಗಟ್ಟಿಯಾಗಿ ನಕ್ಕಳು. ಆ ನಗು ಛಾವಣಿಗೆ ಬಡಿದು ಕೊಳದ ತುಂಬ ಹರಡಿತು.

ದಡದಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ ಇಬ್ಬರೂ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಗಳು ಆಮೇಲೆ ಹೇಗೋ ಒಂದರೊಳಗೊಂದು ಸೇರಿಕೊಂಡವು.

"ಒಂದು ವೃತ್ತಿ ಸಲಹೆ ಬೇಕಿತ್ತು," ಎಂದ ಅವನು. "ನಿಜ ಹೇಳಬೇಕು. ನನ್ನ ಕೈಗೆ ಯಾವುದು ಒಗ್ಗುತ್ತೆ?"

ಅವಳು ಅವನ ಕೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಮೆತ್ತನೆಯ ಬಟ್ಟೆಯಲ್ಲಿ ಗಾಜು ಒರೆಸುವ ಕೈ, ಒಂದು ಗೀರಿಲ್ಲ. "ವೈಟ್ ಗೋಲ್ಡ್ ಸಾಕು. ಈ ಸಲ ಸುಳ್ಳಲ್ಲ. ಆದ್ರೆ ಎರಡು ಮೂರು ವರ್ಷಕ್ಕೊಂದು ಸಲ ಲೇಪಕ್ಕೆ ಬರಬೇಕಾಗುತ್ತೆ."

"ಎಲ್ಲಿಗೆ ಬರೋದು? ನೀನು ಮನೇಲೇ ಇರ್ತೀಯಲ್ಲ."

ನೀವು ಹೋಗಿ ನೀನು ಬಂದದ್ದು ಅವಳ ಕಿವಿಯನ್ನು ಬಿಸಿ ಮಾಡಿತು. ಅವಳು ತಲೆ ಬಗ್ಗಿಸಿ, ಅವನ ಉಂಗುರದ ಬೆರಳಿನ ಬುಡವನ್ನು ತನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕೆಲಸದ ಮೇಜಿನಲ್ಲಿ ಹಿಡಿಯುವ ಹಾಗೆಯೇ ಒಂದು ಸುತ್ತು ತಿರುಗಿಸಿದಳು.

"ಹತ್ತೊಂಬತ್ತು," ಎಂದಳು.

"ಏನು ಹತ್ತೊಂಬತ್ತು?"

"ನಿನ್ನ ಅಳತೆ. ನಾಳೆ ಶುರು ಮಾಡ್ತೀನಿ."